ಅಪರಿಚಿತರ ತೋಳಿನ ಮೇಲಿನ ಹಚ್ಚೆಗಳು

ಮಹಾನಗರದ ಕಿಕ್ಕಿರಿದ ರೈಲಿನಲ್ಲಿ ಕಂಬಿ ಹಿಡಿದು ನಿಂತವರ ಮುಂಗೈಗಳನ್ನು ಗಮನಿಸಿದರೆ, ತೀರಿಹೋದ ತಾಯಿಯ ಕೈಬರಹವನ್ನೋ ಮಗುವಿನ ಪಾದದ ಗುರುತನ್ನೋ ಹಚ್ಚೆಯಾಗಿ ಹಾಕಿಸಿಕೊಂಡವರು ಕಾಣಸಿಗುತ್ತಾರೆ. ಶಸ್ತ್ರಚಿಕಿತ್ಸೆಯ ಕಲೆಯ ಮೇಲೆ ಹೂಬಳ್ಳಿ ಹಬ್ಬಿಸಿಕೊಂಡವರ ಕಥೆಗಳು ನನಗೆ ಎಲ್ಲಕ್ಕಿಂತ ಪ್ರಿಯವಾದವು. ಆದರೂ ಕೇಳುವ ಮುನ್ನ ಎದುರಿನವರ ಮುಖಭಾವವನ್ನು ಅರಿತುಕೊಳ್ಳುವುದು ಸಭ್ಯತೆ. (ಸುಮ್ಮನೆ ಚೆಂದವೆಂದು ಹಾಕಿಸಿಕೊಂಡವರೂ ಸಾಕಷ್ಟಿದ್ದಾರೆ.) ಸೂಜಿಯು ಹೊರಚರ್ಮದ ಕೆಳಗಿನ ಪದರಕ್ಕೆ ಇಳಿಸಿದ ಶಾಯಿಯ ಕಣಗಳನ್ನು ದೇಹದ ರಕ್ಷಕ ಕೋಶಗಳು ನುಂಗಿ ಅಲ್ಲಿಯೇ ಹಿಡಿದಿಟ್ಟುಕೊಳ್ಳುವುದರಿಂದ ಈ ನೆನಪುಗಳು ದಶಕಗಳ ಕಾಲ ಅಳಿಯದೆ ಉಳಿಯುತ್ತವೆ. ಹೆಪಟೈಟಿಸ್ ಹರಡುವ ಭಯವನ್ನು ಮುಂದಿಟ್ಟು ನ್ಯೂಯಾರ್ಕ್ ನಗರವು 1961ರಲ್ಲಿ ಹಚ್ಚೆ ಹಾಕುವುದನ್ನೇ ನಿಷೇಧಿಸಿದಾಗ ಕಲಾವಿದರು ಮನೆಗಳೊಳಗೆ ಗುಟ್ಟಾಗಿ ಕೆಲಸ ಮುಂದುವರಿಸಿದರು. ಆ ನಿಷೇಧ ತೆರವಾದದ್ದು 1997ರಲ್ಲಿ.