ರೈಲು ಬೇಡ ಅಂದವನ ಮಗ

ಹೋದ ಭಾನುವಾರ ಅಪ್ಪನ ಜೊತೆ ವಿಡಿಯೊ ಕಾಲ್‌ನಲ್ಲಿದ್ದೆ. ಮಗ ಫೋನ್ ಕಿತ್ತುಕೊಂಡು, "ಅಜ್ಜ, ನಿಮ್ಮ ಸ್ಟೇಷನ್ ಯಾವುದು?" ಅಂದ. ಅಪ್ಪ ಗಾಬರಿಯಾದರು. "ಸುಂಟಿಕೊಪ್ಪ. ಯಾಕೆ ಮಗ, ಏನಾಯ್ತು?"

ನಮ್ಮ ಕಡೆ ಸ್ಟೇಷನ್ ಅಂದರೆ ಪೊಲೀಸ್ ಸ್ಟೇಷನ್ನೇ ತಾನೆ! ರೈಲಿನ ವಿಷಯ ಅಂತ ತಿಳಿದ ಮೇಲೆ ಅಪ್ಪ ಜೋರಾಗಿ ನಕ್ಕರು. "ಕೊಡಗಿಗೆ ರೈಲೇ ಇಲ್ಲ ಕಣೋ. ಬಸ್ಸಲ್ಲಿ ಮೂರು ಗಂಟೆ ಕೂತು ಮೈಸೂರಿಗೆ ಹೋಗಬೇಕು."

"ಇಡೀ ಜಿಲ್ಲೆಗೆ ಒಂದೂ ಇಲ್ವಾ? ಯಾಕೆ?"

"ನಿನ್ನ ಅಪ್ಪನ್ನೇ ಕೇಳು. ಬೇಡ ಅಂತ ಮಡಿಕೇರಿಲಿ ಬೋರ್ಡ್ ಹಿಡ್ಕೊಂಡು ನಿಂತಿದ್ದ."

ಮಗ ನನ್ನ ಕಡೆ ತಿರುಗಿದ. ಎಂಟು ವರ್ಷದ ಹುಡುಗ. ಆ ಮುಖ ಇನ್ನೂ ಕಣ್ಣ ಮುಂದಿದೆ. "ರೈಲು ಕೊಡ್ತೀವಿ ಅಂದ್ರೆ ನೀನು ಬೇಡ ಅಂದ್ಯಾ?"

ಅವನಿಗೆ ಈ ರೈಲಿನ ಹುಚ್ಚು ಹತ್ತಿದ್ದು ಇಲ್ಲಿ ಇಂಗ್ಲೆಂಡಿನ ಕೀತ್‌ಲಿಗೆ ಬಂದ ಮೇಲೆ. ನಮ್ಮೂರಿಂದ ಆಕ್ಸನ್‌ಹೋಪ್‌ವರೆಗೆ ಸುಮಾರು 8 ಕಿಲೋಮೀಟರ್ ಹಳಿ ಇದೆ, ಆರೇ ಸ್ಟೇಷನ್. 1962ರಲ್ಲಿ ಲಾಭ ಇಲ್ಲ ಅಂತ ಮುಚ್ಚಿದ ಲೈನು. ಊರವರೇ ಸೇರಿ ದುಡ್ಡು ಹಾಕಿ, ಮೈಮುರಿದು ದುಡಿದು, 1968ರಲ್ಲಿ ಮತ್ತೆ ಓಡಿಸಿದರು. ಇವತ್ತಿಗೂ ಅಲ್ಲಿ ಉಗಿಬಂಡಿ ಓಡುತ್ತದೆ, ದುಡಿಯುವವರಲ್ಲಿ ಹೆಚ್ಚಿನವರು ಸಂಬಳ ಇಲ್ಲದವರು. ಪಕ್ಕದ ಮನೆಯ ಅಜ್ಜನೂ ಅವರಲ್ಲೊಬ್ಬರು.

ಆಟಿಕೆ ರೈಲು ನಾನೂ ತಂದುಕೊಟ್ಟಿದ್ದೆ. ಬ್ಯಾಟರಿ ಮುಗಿದ ದಿನವೇ ಅದು ಮಂಚದ ಕೆಳಗೆ ಸೇರಿತು. ಆ ಅಜ್ಜ ಕೊಟ್ಟಿದ್ದು ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್ಲು, ಅಷ್ಟೇ. ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಲ್ಲಿಸಿಕೊಂಡು, ಬಂದ ಇಂಜಿನ್ನಿನ ನಂಬರ್ ಬರೆದುಕೋ ಅಂದರು. ಬೆಂಕಿ ಹಾಕಿದ ಕೂಡಲೇ ಉಗಿಬಂಡಿ ಹೊರಡುವುದಿಲ್ಲ, ನೀರು ಕಾದು ಉಗಿ ಸೇರಲು ಗಂಟೆಗಟ್ಟಲೆ ಬೇಕು, ಅದಕ್ಕೇ ಫೈರ್‌ಮನ್ ಬೆಳಕು ಹರಿಯೋ ಮೊದಲೇ ಬರುತ್ತಾನೆ ಅಂತೆಲ್ಲ ಹೇಳಿದರು. ಒಂದು ದಿನ ಹಳೆ ಬಟ್ಟೆ ಚೂರು ಕೊಟ್ಟು ಹಿತ್ತಾಳೆ ಉಜ್ಜಲು ಹಚ್ಚಿದರು. ಮನೆಯಲ್ಲಿ ತಿಂದ ತಟ್ಟೆ ಎತ್ತಿಡದ ಹುಡುಗ ಉಗುರೆಲ್ಲ ಕಪ್ಪು ಮಾಡಿಕೊಂಡು ಬಂದು, ತೊಳೆಯಲು ಬಿಡಲಿಲ್ಲ.

ಊರಿನ ನೆಂಟರೊಬ್ಬರು ಈ ನೋಟ್‌ಬುಕ್ಕಿನ ಕಥೆ ಕೇಳಿ, "ನಂಬರ್ ಬರೆದ್ರೆ ಮಾರ್ಕ್ಸ್ ಬರುತ್ತಾ?" ಅಂದಿದ್ದರು. ಸಿಟ್ಟು ಬಂತು. ನಮ್ಮಲ್ಲಿ ಮಕ್ಕಳು ಸುಮ್ನೆ ಏನನ್ನೂ ಇಷ್ಟಪಡೋ ಹಾಗಿಲ್ಲ, ಅಲ್ವಾ? ಆದರೆ ನಮ್ಮಪ್ಪ ಹಾಗಿರಲಿಲ್ಲ ಅನ್ನುವುದೂ ಆಗಲೇ ನೆನಪಾಯಿತು.

ನಾನು ರೈಲು ನೋಡಿದ್ದು ಹತ್ತನೇ ವಯಸ್ಸಿನಲ್ಲಿ. ಕಣ್ಣು ತೋರಿಸಲು ಮೈಸೂರಿಗೆ ಹೋಗಿದ್ದೆವು. ಕೆಲಸ ಬೇಗ ಮುಗಿಯಿತು ಅಂತ ಅಪ್ಪ ರೈಲ್ವೆ ಮ್ಯೂಸಿಯಂಗೆ ಕರೆದುಕೊಂಡು ಹೋದರು. 1979ರಲ್ಲಿ ಶುರುವಾದದ್ದು ಅದು, ಮಹಾರಾಣಿಯ ಸಲೂನ್ ಬೋಗಿಯೂ ಅಲ್ಲಿದೆ. ನನಗೆ ಮಹಾರಾಣಿ ಬೇಕಿರಲಿಲ್ಲ, ಓಡೋ ರೈಲು ಬೇಕಿತ್ತು. ಅಪ್ಪ ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದರು. ಕಾಫಿ ಕಣದಲ್ಲಿ ಐದು ನಿಮಿಷ ಕೂರದ ಮನುಷ್ಯ, ಕಡ್ಲೆಕಾಯಿ ಪೊಟ್ಟಣ ಹಿಡಿದು ಎರಡು ಗಂಟೆ ಸಿಮೆಂಟ್ ಬೆಂಚಿನ ಮೇಲೆ ಕೂತರು. ಒಂದು ಹಳಿ ಅಗಲ, ಇನ್ನೊಂದು ಕಿರಿದು, ಯಾಕೆ ಅಂತ ಕೇಳಿದೆ. "ಒಂದು ಜನಕ್ಕೆ, ಒಂದು ಸಾಮಾನಿಗೆ" ಅಂದುಬಿಟ್ಟರು. ಅಗಲದ್ದು ಬ್ರಾಡ್‌ಗೇಜ್, 1676 ಮಿಲಿಮೀಟರ್, ಕಿರಿದು ಚಾಮರಾಜನಗರದ ಕಡೆಯ ಮೀಟರ್‌ಗೇಜ್ ಅಂತ ಗೊತ್ತಾಗುವವರೆಗೆ ಶಾಲೆಯಲ್ಲೆಲ್ಲ ಅಪ್ಪನ ಉತ್ತರವನ್ನೇ ಹಂಚಿದ್ದೆ.

ಅಂಥವನು ರೈಲು ಬೇಡ ಅಂತ ಬೋರ್ಡ್ ಹಿಡಿದ. ಮಗನಿಗೆ ಏನು ಹೇಳಲಿ? ಮೈಸೂರು ಪಕ್ಕದ ಬೆಳಗೊಳದಿಂದ ಕೊಡಗಿನ ಅಂಚಿನ ಕುಶಾಲನಗರಕ್ಕೆ ಸುಮಾರು 87 ಕಿಲೋಮೀಟರ್ ಲೈನಿನ ಯೋಜನೆ ಇದೆ. ಅಲ್ಲಿವರೆಗೆ ಬಂದು ನಿಲ್ಲಲಿ ಅನ್ನುವವರಿದ್ದಾರೆ. ಅಲ್ಲಿಗೆ ಬಂದರೆ ಕಾಡು ಸೀಳಿಕೊಂಡು ಕೇರಳಕ್ಕೆ ಎಳೆದೇ ಎಳೀತಾರೆ ಅನ್ನುವವರೂ ಇದ್ದಾರೆ. ನಾನು ಎರಡನೇ ಗುಂಪು. ಪಾಲಕ್ಕಾಡ್ ಹತ್ತಿರ ವಾಳಯಾರ್ ಕಾಡಿನಲ್ಲಿ ರೈಲಿಗೆ ಸಿಕ್ಕಿ ಆನೆಗಳು ಸಾಯುತ್ತವೆ, ಅಜ್ಜನ ತೋಟಕ್ಕೆ ಹಲಸು ತಿನ್ನಲು ಬರುವುದೂ ಆನೆಯೇ ಅಂತ ವಿವರಿಸಿದೆ. ರಜೆಗೆ ಹೋದಾಗ ಬೆಂಗಳೂರಿನಿಂದ ಟ್ಯಾಕ್ಸಿಯಲ್ಲಿ ಮೈಕೈ ನೋಯಿಸಿಕೊಳ್ಳುವಾಗ ಒಂದು ರೈಲಿದ್ದರೆ ಅಂತ ಪ್ರತಿ ಸಲ ಅನ್ನಿಸುವುದನ್ನು ಮಾತ್ರ ಹೇಳಲಿಲ್ಲ.

ಅವನು ಸ್ವಲ್ಪ ಹೊತ್ತು ಯೋಚಿಸಿ, ಫೋನಿನಲ್ಲಿ ಕಾಯುತ್ತಿದ್ದ ಅಪ್ಪನಿಗೆ, "ಅಜ್ಜ, ರೈಲಿಲ್ಲದಿದ್ರೆ ಬಸ್ಸಿನ ನಂಬರ್ ಬರೀರಿ. ಆನೆದೂ ಬರೀರಿ" ಅಂದ. ಅಪ್ಪ ಹೂಂ ಅಂದರು. ಮಕ್ಕಳಿಗೆ ಹೇಳುವ ಹೂಂ ಅದು ಅಂದುಕೊಂಡೆ.

ನಿನ್ನೆ ವಾಟ್ಸಾಪಿನಲ್ಲಿ ಒಂದು ಫೋಟೊ ಬಂತು. ಕಾಫಿ ಕೊಯ್ಲಿನ ಲೆಕ್ಕದ ಪುಸ್ತಕ. ಒಂದು ಹಾಳೆ ತುಂಬಾ ಅಪ್ಪನ ಓರೆ ಅಕ್ಷರ, ಸ್ಕೇಲಿಟ್ಟು ಎಳೆದ ಗೆರೆ. ಕೆಎ 21 ಎಫ್ ನಾಲ್ಕು, ಕೆಎ 09 ಎಫ್ ಏಳು, ಪೂರ್ತಿ ನಂಬರ್ ಸಮೇತ, ಮುಂದೆ ಹೊತ್ತು. ಕೊನೆ ಸಾಲಿನಲ್ಲಿ: "ರಾತ್ರಿ 2.10. ಆನೆ ಒಂದು. ಕತ್ತಲು, ನಂಬರ್ ಕಾಣಲಿಲ್ಲ."