ಚಳಿಗಾಲದಲ್ಲಿ ಬೈಕ್ ಏರಿ ಚಿಕ್ಕಮಗಳೂರಿಗೆ ಹೊರಡುವವರಿಗೆ

ಡಿಸೆಂಬರ್ ಬಂತೆಂದರೆ ವಾರಾಂತ್ಯದ ದಿನಗಳಲ್ಲಿ ಬೆಳಗಿನ ಜಾವ ನಾಲ್ಕು ಗಂಟೆಗೇ ಬೆಂಗಳೂರಿನ ಬೈಕುಗಳು ಸಾಲುಗಟ್ಟಿ ನೆಲಮಂಗಲದತ್ತ ಹೊರಡುತ್ತವೆ. ಕುಣಿಗಲ್, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ, ಹಾಸನ, ಬೇಲೂರುಗಳನ್ನು ದಾಟಿ ಚಿಕ್ಕಮಗಳೂರು ಸೇರುವ ಸುಮಾರು 250 ಕಿಲೋಮೀಟರ್‌ಗಳ ಈ ಹಾದಿಯಲ್ಲಿ ಹಲವು ಚಳಿಗಾಲಗಳಿಂದ ಓಡಾಡಿಕೊಂಡಿರುವ ನನಗೆ, ಆ ನಾಲ್ಕು ಗಂಟೆಯ ಹಟ ಏಕೆಂಬುದು ಈಗಲೂ ಅರ್ಥವಾಗಿಲ್ಲ. ದಿನದ ಅತಿ ಕಡಿಮೆ ಉಷ್ಣಾಂಶ ಇರುವುದು ಸೂರ್ಯೋದಯದ ಆಸುಪಾಸಿನಲ್ಲಿ; ಮಂಜು ದಟ್ಟವಾಗುವುದೂ ಆಗಲೇ. ನಾಲ್ಕಕ್ಕೆ ಮನೆ ಬಿಟ್ಟವರು ದಾರಿಯ ಅತ್ಯಂತ ಬಯಲಾದ ಭಾಗವನ್ನು ಸರಿಯಾಗಿ ಆ ಹೊತ್ತಿಗೇ ತಲುಪುತ್ತಾರೆ.

ನಮ್ಮ ಕಡೆಯ ಚಳಿಯೂ ಒಂದು ಚಳಿಯೇ ಎಂದು ನಗುವವರಿದ್ದಾರೆ. ಬೆಂಗಳೂರಿನಲ್ಲಿ ಈವರೆಗೆ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶ 1884ರ ಜನವರಿ 13ರಂದು ಕಂಡ 7.8 ಡಿಗ್ರಿ ಸೆಲ್ಸಿಯಸ್. ಆದರೆ ಬಯಲಿನಲ್ಲಿ 10 ಡಿಗ್ರಿ ಇರುವ ಮುಂಜಾನೆ, ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವವನ ತೆರೆದ ಚರ್ಮಕ್ಕೆ ತಗಲುವ ಚಳಿ ಸುಮಾರು 5 ಡಿಗ್ರಿಯದ್ದು. ಅಂದರೆ ಊರಿನ ದಾಖಲೆಯ ಚಳಿಗಿಂತಲೂ ಹೆಚ್ಚಿನ ಚಳಿಯಲ್ಲಿ ಅವನು ಎರಡು ಮೂರು ಗಂಟೆ ಅಲುಗಾಡದೆ ಕುಳಿತಿರುತ್ತಾನೆ. ನಡೆಯುವವನಿಗೆ ನಡಿಗೆಯಿಂದ ಮೈ ಬಿಸಿಯಾಗುತ್ತದೆ, ಸವಾರನಿಗೆ ಆ ಅನುಕೂಲವೂ ಇಲ್ಲ.

ಇಂಥ ಚಳಿ ಪ್ರಾಣ ತೆಗೆಯುವಂಥದ್ದಲ್ಲವಾದರೂ ಕೈಬೆರಳುಗಳನ್ನು ಮರಗಟ್ಟಿಸಲು ಅಷ್ಟೇ ಸಾಕು. ಎದೆ ಮತ್ತು ಹೊಟ್ಟೆಯೊಳಗಿನ ಅಂಗಗಳ ಬಿಸಿಯನ್ನು ಕಾಯ್ದುಕೊಳ್ಳುವುದಕ್ಕಾಗಿ ದೇಹವು ಕೈಕಾಲುಗಳಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುವುದರಿಂದ, ಮೊದಲು ಬೆರಳ ತುದಿಗಳು ಜುಮ್ಮೆನ್ನುತ್ತವೆ, ಆಮೇಲೆ ಕ್ಲಚ್ ಲಿವರ್ ಎಷ್ಟು ಎಳೆದಿದ್ದೇವೆಂಬುದು ತಿಳಿಯದಂತಾಗುತ್ತದೆ, ಕೊನೆಗೆ ಬ್ರೇಕನ್ನು ಹದವಾಗಿ ಒತ್ತುವ ಬದಲು ಇಡೀ ಮುಷ್ಟಿಯಿಂದ ಒಮ್ಮೆಲೇ ಹಿಡಿಯುವಂತಾಗುತ್ತದೆ. 60ರ ವೇಗದಲ್ಲಿ ಬೈಕು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗಿರುತ್ತದೆ. ಸೆಟೆದ ಬೆರಳು ಅರ್ಧ ಸೆಕೆಂಡು ತಡಮಾಡಿದರೂ ಎಂಟು ಮೀಟರ್ ಕೈಬಿಟ್ಟಂತೆ. ಆದ್ದರಿಂದ ಬೆಚ್ಚಗಿರುವುದನ್ನು ಸುಖದ ಲೆಕ್ಕಕ್ಕೆ ಸೇರಿಸದೆ ಬ್ರೇಕಿನ ಲೆಕ್ಕಕ್ಕೆ ಸೇರಿಸಬೇಕೆಂಬುದು ನನ್ನ ವಾದ.

ಕೈ ಬೆಚ್ಚಗಿರಬೇಕಾದರೆ ಕೈಗವಸು ಮಾತ್ರ ಸಾಲದು; ಕುತ್ತಿಗೆ ಮತ್ತು ಎದೆ ತಣ್ಣಗಾದರೆ ಎಷ್ಟು ದಪ್ಪ ಕೈಗವಸು ತೊಟ್ಟರೂ ಬೆರಳುಗಳಿಗೆ ರಕ್ತ ಬರುವುದಿಲ್ಲ. ಜಾಕೆಟ್ಟಿನ ಕಾಲರಿಗೂ ಹೆಲ್ಮೆಟ್ಟಿನ ಅಂಚಿಗೂ ನಡುವೆ ಉಳಿಯುವ ಎರಡು ಬೆರಳಿನಷ್ಟು ಸಂದಿಯಿಂದ ನುಗ್ಗುವ ಗಾಳಿ ಬೆನ್ನಿನವರೆಗೂ ಇಳಿಯುತ್ತದೆ. ಅಲ್ಲಿಗೆ ಮೈಗಂಟಿ ಕೂರುವ ಬಟ್ಟೆಯ ಕೊಳವೆ, ಅಂದರೆ ಅಂಗಡಿಗಳಲ್ಲಿ ಬಫ್ ಎಂದು ಮಾರುವುದನ್ನು ಹಾಕಿಕೊಳ್ಳಬೇಕೇ ಹೊರತು ಶಾಲು ಅಥವಾ ಮಫ್ಲರನ್ನಲ್ಲ. ಅವುಗಳ ತುದಿ ಬಿಚ್ಚಿಕೊಂಡರೆ ಹಿಂದಿನ ಚಕ್ರಕ್ಕೋ ಚೈನಿಗೋ ಸಿಕ್ಕಿ ಕುತ್ತಿಗೆಗೇ ಉರುಳಾಗುತ್ತದೆ; ಹಿಂದೆ ಕುಳಿತವರ ವೇಲ್ ಮತ್ತು ಸೆರಗಿಗೂ ಇದೇ ಮಾತು ಅನ್ವಯಿಸುತ್ತದೆ. ಹೆಲ್ಮೆಟ್ಟಿನೊಳಗೆ ಉಣ್ಣೆಯ ಮಂಕಿ ಕ್ಯಾಪ್ ತೊಡುವುದು ನಮ್ಮಲ್ಲಿ ರೂಢಿಯಾದರೂ, ಅಷ್ಟು ದಪ್ಪದ ಟೋಪಿಯ ಮೇಲೆ ಹೆಲ್ಮೆಟ್ ಸರಿಯಾಗಿ ಕೂರುವುದಿಲ್ಲ, ಕಿವಿಯೂ ಮಂದವಾಗುತ್ತದೆ. ಆ ಜಾಗಕ್ಕೆ ತಲೆ, ಮುಖ, ಕುತ್ತಿಗೆಗಳನ್ನು ಮುಚ್ಚುವ ತೆಳುವಾದ ಬಟ್ಟೆಯ ಮುಸುಕು, ಅಂದರೆ ಬಾಲಾಕ್ಲಾವಾ ಸಾಕು.

ಮೈಗೆ ಹತ್ತಿರ ಹತ್ತಿ ಬನಿಯನ್ ಇದ್ದರೆ ಅದು ಬೆವರನ್ನು ಹಿಡಿದಿಟ್ಟುಕೊಂಡು, ಬಿಸಿಲಿನಲ್ಲಿ ನಿಂತು ಮತ್ತೆ ಹೊರಟಾಗ ಮೈಯನ್ನೇ ತಣ್ಣಗೆ ಮಾಡುತ್ತದೆ. ಬೆವರನ್ನು ಬೇಗ ಹೊರಗೆ ಬಿಡುವ ತೆಳುವಾದ ಬಟ್ಟೆ ಒಳಗೆ, ನಡುವೆ ಸ್ವೆಟರ್, ಎಲ್ಲಕ್ಕಿಂತ ಹೊರಗೆ ಗಾಳಿ ತೂರದ ಹೊದಿಕೆ ಇರಬೇಕು. ದುಬಾರಿ ಜಾಕೆಟ್ ಇಲ್ಲದವರು ಮಳೆಗಾಲದ ರೇನ್‌ಕೋಟನ್ನೇ ಮೇಲೆ ಹಾಕಿಕೊಂಡರೂ ಗಾಳಿ ನಿಲ್ಲುತ್ತದೆ. ಹಿಂದಿನವರು ಎದೆಯ ಮೇಲೆ ಅಂಗಿಯೊಳಗೆ ದಿನಪತ್ರಿಕೆಯನ್ನು ಹರಡಿಕೊಂಡು ಹೋಗುತ್ತಿದ್ದುದು ತಮಾಷೆಗಲ್ಲ, ಕಾಗದದ ಪದರಗಳ ನಡುವಿನ ಗಾಳಿ ನಿಜವಾಗಿಯೂ ಬಿಸಿಯನ್ನು ಹಿಡಿದಿಡುತ್ತದೆ. ಇನ್ನು, ಒಂದು ಗುಟುಕು ಹಾಕಿದರೆ ಮೈ ಬೆಚ್ಚಗಾಗುತ್ತದೆ ಎನ್ನುವ ಮಹಾನುಭಾವರಿಗೆ ಹೇಳಬೇಕಾದದ್ದು ಇಷ್ಟೇ: ಮದ್ಯವು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಬಿಸಿಯನ್ನು ಹೊರಗೆ ಚೆಲ್ಲುತ್ತದೆ. ಕುಡಿದು ಬೈಕ್ ಓಡಿಸಬಾರದೆಂಬುದಂತೂ ಎಲ್ಲ ಕಾಲಕ್ಕೂ ಇರುವ ಮಾತು.

ಕುಣಿಗಲ್ ಸುತ್ತಮುತ್ತ ಕೆರೆ, ಗದ್ದೆಗಳಿರುವ ತಗ್ಗಿನಲ್ಲಿ ಇದ್ದಕ್ಕಿದ್ದಂತೆ ಮಂಜಿನ ಗೋಡೆ ಎದುರಾಗುವುದುಂಟು. ಆಗ ಹೆಲ್ಮೆಟ್ಟಿನ ಮುಂದಿನ ಪಾರದರ್ಶಕ ಮುಚ್ಚಳವಾದ ವೈಸರಿನ ಹೊರಮೈಯಲ್ಲಿ ಮಂಜಿನ ಹನಿಗಳು, ಒಳಮೈಯಲ್ಲಿ ಉಸಿರಿನ ಆವಿ, ಕನ್ನಡಕ ಹಾಕುವವರಾದರೆ ಗಾಜಿನ ಮೇಲೆ ಇನ್ನೊಂದು ಪದರ, ಹೀಗೆ ಎಲ್ಲವೂ ಒಟ್ಟಿಗೆ ಮುಸುಕುತ್ತವೆ. ಹೊರಗಿನದನ್ನು ಎಡಗೈಯ ಹೆಬ್ಬೆರಳಿನಿಂದ ಒರೆಸಿಕೊಳ್ಳಬಹುದು. ಒಳಗಿನದಕ್ಕೆ ವೈಸರನ್ನು ಒಂದು ಹಲ್ಲಿನಷ್ಟು ಎತ್ತಿ ಗಾಳಿಯಾಡಲು ಬಿಡಬೇಕು, ಉಸಿರನ್ನು ಗಲ್ಲದ ಕಡೆಗೆ ಬಿಡಬೇಕು. ಪಿನ್‌ಲಾಕ್ ಎಂಬ ಒಳಪದರವನ್ನು ಕೂರಿಸಬಹುದಾದ ಹೆಲ್ಮೆಟ್ ಇದ್ದರೆ ಈ ಕಾಟ ಬಹುಮಟ್ಟಿಗೆ ತಪ್ಪುತ್ತದೆ. ಹೈ ಬೀಮ್ ಹಾಕಿದರೆ ಬೆಳಕು ಮಂಜಿನ ಹನಿಗಳಿಗೆ ಬಡಿದು ನಮ್ಮ ಕಣ್ಣಿಗೇ ಮರಳುವುದರಿಂದ ಲೋ ಬೀಮಿನಲ್ಲೇ ಹೋಗುವುದು ಮೇಲು. ಏನೂ ಕಾಣದಷ್ಟಾದರೆ ರಸ್ತೆಯ ಅಂಚಿನಲ್ಲಿ ನಿಲ್ಲುವ ಬದಲು, ಪೆಟ್ರೋಲ್ ಬಂಕಿನ ಅಥವಾ ಹೋಟೆಲಿನ ಆವರಣದೊಳಕ್ಕೇ ಹೋಗಿ ನಿಲ್ಲಬೇಕು. ಅಂಚಿನಲ್ಲಿ ನಿಂತ ಬೈಕಿನ ಹಿಂದಿನ ದೀಪವನ್ನೇ ಹಿಂಬಾಲಿಸಿಕೊಂಡು ಲಾರಿ ಬಂದುಬಿಡಬಹುದು.

ಈ ಕಾಲಕ್ಕೇ ಸೇರಿದ ಬೇರೆ ಅಪಾಯಗಳೂ ಇವೆ. ಕಬ್ಬು ಅರೆಯುವ ಹಂಗಾಮು ಇದಾದ್ದರಿಂದ ಮಂಡ್ಯ, ಬೆಳಗಾವಿ, ಬಾಗಲಕೋಟೆಗಳ ಕಡೆ ಹಿಂಬದಿಯ ದೀಪವೂ ರಿಫ್ಲೆಕ್ಟರೂ ಇಲ್ಲದ ಕಬ್ಬಿನ ಟ್ರ್ಯಾಕ್ಟರುಗಳು ನಸುಕಿನಲ್ಲಿ ಸಾಗುತ್ತಿರುತ್ತವೆ. ಹೊರಚಾಚಿದ ಕಬ್ಬಿನ ಜಲ್ಲೆಗಳು ಮಂಜಿನಲ್ಲಿ ಕಾಣುವುದು ತೀರಾ ಹತ್ತಿರ ಹೋದ ಮೇಲೆಯೇ. ಹೆದ್ದಾರಿ ಬಿಟ್ಟು ಹಳ್ಳಿಯ ರಸ್ತೆಗಿಳಿದರೆ ರಾಗಿ, ಹುರುಳಿಗಳ ಒಕ್ಕಣೆ ಡಾಂಬರಿನ ಮೇಲೆಯೇ ನಡೆದಿರುತ್ತದೆ. ಹರಡಿದ ಹುರುಳಿಯ ಮೇಲೆ ಮುಂದಿನ ಬ್ರೇಕ್ ಹಿಡಿದರೆ ಬೈಕು ಜಾರದೆ ಇರುವುದಿಲ್ಲ. ಮೊದಲೇ ವೇಗ ತಗ್ಗಿಸಿ, ಹ್ಯಾಂಡಲನ್ನು ನೇರವಾಗಿ ಹಿಡಿದು, ಆಕ್ಸಿಲರೇಟರನ್ನು ಒಂದೇ ಸಮನಾಗಿಟ್ಟು ದಾಟಬೇಕು. ಬಿಸಿ ಸೈಲೆನ್ಸರಿಗೆ ಸೊಪ್ಪು ಸುತ್ತಿಕೊಂಡಿದ್ದರೆ ನಿಲ್ಲಿಸಿ ಕಿತ್ತುಹಾಕಬೇಕು, ಹೊತ್ತಿಕೊಳ್ಳುವ ಭಯವಿದೆ. ಬೇಲೂರು ದಾಟಿದ ಮೇಲೆ ಮರಗಳ ನೆರಳಿನಲ್ಲಿ ಒಂಬತ್ತು ಗಂಟೆಯಾದರೂ ಇಬ್ಬನಿ ಆರಿರುವುದಿಲ್ಲ, ತಿರುವುಗಳ ಬಿಳಿ ಪಟ್ಟಿಗಳಂತೂ ಎಣ್ಣೆ ಸವರಿದ ಹಾಗಿರುತ್ತವೆ.

ಪಶ್ಚಿಮಕ್ಕೆ ಹೋಗುವ ನಮಗೆ ಬೆಳಗಿನ ಸೂರ್ಯ ಬೆನ್ನಿಗಿರುವುದು ಹಿತವೆನಿಸುತ್ತದೆ. ಆದರೆ ಎದುರಿನಿಂದ ಬರುವವರ ಕಣ್ಣಿಗೆ ಅದೇ ಬಿಸಿಲು ನೇರವಾಗಿ ಬಡಿಯುತ್ತಿರುವುದರಿಂದ ನಾವು ಅವರಿಗೆ ಕಾಣುತ್ತಿದ್ದೇವೆಂದು ನಂಬಬಾರದು. ಹಾಸನದ ನಂತರದ ರಸ್ತೆಯಲ್ಲಿ ಓವರ್‌ಟೇಕ್ ಮಾಡುತ್ತ ನಮ್ಮ ಬದಿಗೇ ಬರುವ ಬಸ್ಸು ಕಾರುಗಳ ಬಗ್ಗೆ ಇದು ಇನ್ನೂ ನಿಜ.

ಬೈಕಿನ ಕೆಲಸ ಕಡಿಮೆ. ಉಷ್ಣಾಂಶ 10 ಡಿಗ್ರಿ ಇಳಿದರೆ ಟೈರಿನ ಗಾಳಿ ಒಂದರಿಂದ ಒಂದೂವರೆ ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಳಿಯುವುದರಿಂದ ಹೊರಡುವ ಮೊದಲು ನೋಡಿಸಿಕೊಳ್ಳಬೇಕು. ತಣ್ಣಗಿರುವ ಟೈರು ರಸ್ತೆಯನ್ನು ಚೆನ್ನಾಗಿ ಹಿಡಿಯದ ಕಾರಣ ಮೊದಲ ಕೆಲವು ಕಿಲೋಮೀಟರ್ ತಾಳ್ಮೆಯಿಂದ ಹೋಗಬೇಕು.

ಮಕ್ಕಳ ವಿಷಯದಲ್ಲಿ ಮಾತ್ರ ನಾನು ಕಟುವಾಗಿ ಹೇಳುತ್ತೇನೆ. ಟ್ಯಾಂಕಿನ ಮೇಲೆ ಕೂರಿಸಿದ ಮಗು ಅಪ್ಪನಿಗೆ ತಾಗಬೇಕಾದ ಗಾಳಿಯನ್ನೆಲ್ಲ ತಾನೇ ತಿನ್ನುತ್ತದೆ, ಚಳಿಯಾಗುತ್ತಿದೆಯೆಂದು ಹೇಳಿದರೂ ಆ ಸದ್ದಿನಲ್ಲಿ ಕೇಳಿಸುವುದಿಲ್ಲ. ನಾಲ್ಕು ವರ್ಷದೊಳಗಿನ ಮಗುವನ್ನು ಸವಾರನಿಗೆ ಬೆಲ್ಟಿನಿಂದ ಕಟ್ಟಿಕೊಳ್ಳಬೇಕು, ಒಂಬತ್ತು ತಿಂಗಳು ದಾಟಿದ ಮಗುವಿಗೆ ಅಳತೆಯ ಹೆಲ್ಮೆಟ್ ಇರಬೇಕು, ವೇಗ 40 ಮೀರಬಾರದು ಎಂಬ ಕೇಂದ್ರದ ನಿಯಮ 2023ರ ಫೆಬ್ರುವರಿಯಿಂದ ಜಾರಿಯಲ್ಲಿದೆ. ಅಷ್ಟು ಚಿಕ್ಕ ಮಗುವಿದ್ದರೆ ಈ ಹಾದಿಗೆ ಬಸ್ಸೇ ಸರಿ.

ಉಳಿದವರು ಬೆಳಗ್ಗೆ ಆರೂ ಮುಕ್ಕಾಲರ ನಂತರ ಹೊರಟರೆ ಕುಣಿಗಲ್ ತಲುಪುವ ಹೊತ್ತಿಗೆ ಬಿಸಿಲು ಏರಿರುತ್ತದೆ, ಯಡಿಯೂರಿನಲ್ಲಿ ತಿಂಡಿ ತಿಂದು, ಎರಡೂ ಕೈಗಳಲ್ಲಿ ಕಾಫಿ ಲೋಟ ಹಿಡಿದು ಬೆರಳುಗಳನ್ನು ಕಾಯಿಸಿಕೊಂಡು ಮುಂದೆ ಹೋಗಬಹುದು. ಹಿಂತಿರುಗುವಾಗ ಡಿಸೆಂಬರಿನಲ್ಲಿ ಆರು ಗಂಟೆಗೆಲ್ಲ ಕತ್ತಲಾಗುವುದರಿಂದ ಚಿಕ್ಕಮಗಳೂರನ್ನು ಮಧ್ಯಾಹ್ನ ಹನ್ನೆರಡರೊಳಗೆ ಬಿಡುವುದು ಒಳ್ಳೆಯದು. ಮಧ್ಯಾಹ್ನದ ಊಟ ಹಾಸನದಲ್ಲಾದರೆ ದೀಪ ಹಚ್ಚುವ ಮೊದಲೇ ನೆಲಮಂಗಲ ಸಿಗುತ್ತದೆ.