"ಹೊಸಾದ ತಗೊಂಡ್ರ ಮುಗೀತಲ್ರಿ"

ಮುಧೋಳದ ಗ್ಯಾರೇಜಿನಲ್ಲಿ ಈ ವಾರ ಕೇಳಿದ ಒಂದು ಮಾತು ತಲೆಯಿಂದ ಹೋಗುತ್ತಲೇ ಇಲ್ಲ. "ಹಳೇ ಗಾಡಿ ಮಾರಿ ಹೊಸಾದ ತಗೊಂಡ್ರ ಮುಗೀತಲ್ರಿ." ಹೇಳಿದವರು ಹೊಸ ಸ್ಕೂಟರಿಗೆ ಗಾಳಿ ಹಾಕಿಸಲು ನಿಂತಿದ್ದರು. ಕೆಟ್ಟ ಮನುಷ್ಯರೇನಲ್ಲ. ಆದರೆ ಬೇರೆಯವರ ಜೇಬಿನ ಲೆಕ್ಕವನ್ನು ಇಷ್ಟು ಸಲೀಸಾಗಿ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಗಾಡಿ ಅಪ್ಪನದು. 2006ರಲ್ಲಿ ಕಬ್ಬಿನ ಬಿಲ್ ಬಂದಾಗ ತಗೊಂಡ ನೂರು ಸಿಸಿ ಬೈಕು. ಹೊಲಕ್ಕೂ ಅದೇ, ಸಂತೆಗೂ ಅದೇ. ಇತ್ತೀಚೆಗೆ ಬೆಳಿಗ್ಗೆ ಚೋಕ್ ಎಳೆದು ಎಷ್ಟು ಕಿಕ್ ಹೊಡೆದರೂ ಏಳುತ್ತಿರಲಿಲ್ಲ. ನಿಲ್ಲಿಸಿದ ಜಾಗದಲ್ಲಿ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು.

ಮೇಸ್ತ್ರಿ ಕಾರ್ಬೊರೇಟರ್ ಬಿಚ್ಚಿ, ಪೆಟ್ರೋಲ್ ನಿಲ್ಲುವ ಅದರ ತಳದ ಬೌಲನ್ನು ನನ್ನ ಕೈಗೇ ಕೊಟ್ಟರು. ತಳದಲ್ಲಿ ಜೋನಿ ಬೆಲ್ಲದಂಥ ಅಂಟು. ಅದರ ಪಕ್ಕದಲ್ಲಿ ಪೆಟ್ರೋಲಿನ ಜೊತೆ ಬೆರೆಯದೆ ಕೂತ ನೀರಿನ ಹನಿಗಳು. ಬೌಲಿಗೆ ಪೆಟ್ರೋಲ್ ಬರುವುದನ್ನು ತಡೆಯುವ ನೀಡಲ್ ತುದಿಯ ರಬ್ಬರ್ ಉಬ್ಬಿ ಆಕಾರವೇ ಕೆಟ್ಟಿತ್ತು. ಅದು ಸರಿಯಾಗಿ ಕೂರದಿದ್ದರೆ ಪೆಟ್ರೋಲ್ ನಿಲ್ಲೋದಿಲ್ಲ, ಓವರ್‌ಫ್ಲೋ ಆಗುತ್ತದೆ. ಪೆಟ್ರೋಲ್ ಪೈಪನ್ನು ಬೆರಳಲ್ಲಿ ಸ್ವಲ್ಪ ಬಾಗಿಸಿದ್ದೇ ತಡ, ಸಣ್ಣ ಸಣ್ಣ ಬಿರುಕು ಬಾಯಿಬಿಟ್ಟವು.

"ಈಗೀಗ ಇಂಥಾವ ಭಾಳ ಬರಾಕತ್ತಾವ್ರಿ" ಅಂದರು ಮೇಸ್ತ್ರಿ. ಎಲ್ಲವನ್ನೂ ಈಗ ಪೆಟ್ರೋಲಿಗೆ ಬೆರೆಸುವ, ಕಬ್ಬಿನಿಂದಲೂ ಆಗುವ ಎಥನಾಲ್ ತಲೆಗೇ ಕಟ್ಟುವುದು ಸರಿಯಲ್ಲ, ಇಷ್ಟು ಹಳೆಯ ರಬ್ಬರ್ ಹೇಗಿದ್ದರೂ ಸವೆಯುತ್ತದೆ. ಆದರೆ ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನೀರು ಜಾಸ್ತಿಯಾದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳ ಹಿಡಿಯುತ್ತವೆ. ಎಥನಾಲ್ ಟ್ಯಾಂಕಿನ ಹಳೆಯ ಕೊಳೆಯನ್ನೂ ಕರಗಿಸಿ ಜೆಟ್‌ಗೆ, ಅಂದರೆ ಕಾರ್ಬೊರೇಟರಿನ ಸಣ್ಣ ತೂತಿಗೆ, ತಂದು ತುಂಬುತ್ತದೆ. ಹಳೆಯ ಗಾಡಿಗಳ ರಬ್ಬರನ್ನು ಇದಕ್ಕೆಂದು ಮಾಡಿರಲೇ ಇಲ್ಲ. ಶೇ. 20ರ ಮಿಶ್ರಣಕ್ಕೆ ತಾಳುವ ಭಾಗಗಳು ಎಲ್ಲ ಹೊಸ ಗಾಡಿಗಳಿಗೂ ಬಂದದ್ದು 2023ರ ಏಪ್ರಿಲ್ ಹೊತ್ತಿಗೆ.

ಆಗಲೇ ಬಂದದ್ದು ಆ ಮಾತು, ಹೊಸಾದ ತಗೊಂಡ್ರ ಮುಗೀತಲ್ರಿ. ಮೇಸ್ತ್ರಿ ತಲೆ ಎತ್ತಲಿಲ್ಲ. "ಹೊಸಾದ ತಗೊಳ್ಳೋ ತಾಕತ್ತ ಇದ್ದೋರು ನನ್ನ ಕಡೆ ಯಾಕ ಬರ್ತಾರ್ರಿ?" ಅಂದರು. ಅಷ್ಟೇ. ಸ್ಕೂಟರಿನವರು ಗಾಳಿಯ ದುಡ್ಡು ಕೊಟ್ಟು ಹೋದರು.

ಮನೆಯಲ್ಲಿ ಅಪ್ಪನಿಗೆ ಇದನ್ನೆಲ್ಲ ಹೇಳಿದರೆ ಅವರು ಎಥನಾಲ್ ಬಗ್ಗೆ ಒಂದು ಮಾತನ್ನೂ ಸಹಿಸಲಿಲ್ಲ. "ಎಥನಾಲ್ ಬಂದ ಮ್ಯಾಲೇನ ಬಿಲ್ ಲಗೂನ ಬರಾಕತ್ತೈತಿ, ಸುಮ್ನಿರು." ಅವರ ಮಾತನ್ನು ತೆಗೆದುಹಾಕಲು ನನಗಾಗುವುದಿಲ್ಲ. ಬಾಕಿಗಾಗಿ ಫ್ಯಾಕ್ಟರಿ ಬಾಗಿಲಲ್ಲಿ ಕೂತ ವರ್ಷಗಳನ್ನು ಅವರು ಕಂಡಿದ್ದಾರೆ. 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನ ಕಬ್ಬು ಬೆಳೆಗಾರರ ಹೋರಾಟಕ್ಕೂ ಹೋಗಿದ್ದರು. ಟನ್ನಿಗೆ 3,500 ರೂಪಾಯಿ ಕೇಳಿದ್ದರು, ಕೊನೆಗೆ ಸಿಕ್ಕಿದ್ದು 3,300ರ ನಿರ್ಧಾರ. ಕಬ್ಬಿನಿಂದ ಸಕ್ಕರೆಯೂ ಬರುತ್ತದೆ, ಎಥನಾಲೂ ಬರುತ್ತದೆ. ಹಾಗಿದ್ದೂ ಒಂದು ಟನ್ನಿನ ಬೆಲೆಗೆ ರಸ್ತೆಯಲ್ಲಿ ಕೂರಬೇಕು. ಇನ್ನೊಂದು ಕಡೆ ಅದೇ ಎಥನಾಲ್ ಪೆಟ್ರೋಲಿನಲ್ಲಿ ಬೆರೆತು ಅವರ ಗಾಡಿಗೇ ಬಂದಾಗ ರಿಪೇರಿ ಖರ್ಚೂ ಅವರದೇ. ಎರಡೂ ಕಡೆ ಕೊಡುವವರು ಅವರೇ ಅಲ್ವಾ?

ನಾನು ಎಥನಾಲ್ ವಿರೋಧಿಯಲ್ಲ. ಹೊರದೇಶದ ಎಣ್ಣೆಗೆ ಕೊಡುವ ದುಡ್ಡು ಉಳಿಯಲಿ, ಕಬ್ಬಿಗೆ ಬೆಲೆ ಬರಲಿ. ಆದರೆ 2021ರ ನೀತಿ ಆಯೋಗದ ವರದಿಯೇ, ಮಿಶ್ರಣವಿಲ್ಲದ ಪೆಟ್ರೋಲಿಗೆ ಮಾಡಿ ಶೇ. 10ಕ್ಕೆ ಹೊಂದಿಸಿದ ಬೈಕುಗಳಿಗೆ ಶೇ. 20ರ ಮಿಶ್ರಣ ಹಾಕಿದರೆ ಮೈಲೇಜ್ ಶೇ. 3ರಿಂದ 4ರಷ್ಟು ಇಳಿಯಬಹುದು ಎಂದಿತ್ತು. ಅದಕ್ಕೆ ತಕ್ಕಂತೆ ದರವೂ ಸಾಮಾನ್ಯ ಪೆಟ್ರೋಲಿಗಿಂತ ಕಡಿಮೆ ಇರಬೇಕು ಎಂದೂ ಹೇಳಿತ್ತು. ಮೈಲೇಜ್ ಇಳಿಯಿತು, ದರ ಇಳಿಯಲಿಲ್ಲ. ಹಳೆಯ ಗಾಡಿಗಳ ಕೆಲವು ರಬ್ಬರ್, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು, ಅದು ಅಗ್ಗದ ಕೆಲಸ ಎಂದು 2025ರ ಆಗಸ್ಟಿನಲ್ಲಿ ಪೆಟ್ರೋಲಿಯಂ ಸಚಿವಾಲಯ ಹೇಳಿತು. ಎಥನಾಲ್ ಇಲ್ಲದ ಪೆಟ್ರೋಲಿನ ಆಯ್ಕೆಯನ್ನೂ ಕೊಡಿ ಎಂದು ಕೇಳಿದ ಅರ್ಜಿಯನ್ನು ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ವಜಾ ಮಾಡಿತು. ಅಗ್ಗದ ಕೆಲಸವೇ ಇರಬಹುದು. ಆದರೆ ಕೂಲಿಗೆ ಹೋಗುವವನಿಗೆ ಗಾಡಿ ನಿಂತ ದಿನದ ಪಗಾರ ಯಾರು ಕೊಡುತ್ತಾರೆ?

ದರದಲ್ಲಿ ಆ ಕಡಿತ ಕೊಡಲಿ. ಇಲ್ಲವೇ ಹಳೆಯ ಗಾಡಿಯವರಿಗೆ ಕಡಿಮೆ ಮಿಶ್ರಣದ ಒಂದು ಪಂಪಾದರೂ ಪ್ರತಿ ತಾಲೂಕಿನಲ್ಲಿ ಇರಲಿ.

ನಮ್ಮಂಥ ಗಾಡಿ ಇಟ್ಟವರಿಗೆ ಮೇಸ್ತ್ರಿ ಹೇಳಿದ್ದನ್ನೂ ಬರೆದುಬಿಡುತ್ತೇನೆ. ಪೈಪನ್ನು ಬಿರುಕು ಬಿಡುವವರೆಗೆ ಕಾಯದೆ ಬದಲಿಸಿ. ಗಾಡಿ ಸುಮಾರು ದಿನ ನಿಲ್ಲುವುದಾದರೆ ಟ್ಯಾಂಕಿನ ಕೆಳಗಿನ ಪೆಟ್ರೋಲ್ ಕಾಕ್ ಬಂದ್ ಮಾಡಿ, ಇಂಜಿನ್ ತಾನೇ ಆರುವವರೆಗೆ ಓಡಿಸಿ ಕಾರ್ಬೊರೇಟರ್ ಖಾಲಿ ಮಾಡಿ. ಮಳೆಗಾಲದಲ್ಲಿ ಟ್ಯಾಂಕಿನ ಮುಚ್ಚಳದ ವಾಷರ್ ಒಮ್ಮೆ ನೋಡಿ, ಅಲ್ಲಿಂದಲೂ ನೀರು ಇಳಿಯುತ್ತದೆ.